ಕೊಯ್ಯದೆ ನೋಡುವ ಬೆಳಕು ಬಂದಿದೆ, ಅಕ್ಕಯ್ಯ

ಅಕ್ಕಯ್ಯ,

ಮಹಾಲಯ ಅಮಾವಾಸ್ಯೆಗೆ ನಿನಗೆ ಮೊದಲ ಎಡೆ ಇಟ್ಟೆವು. ನೀನು ಬಂದು ಉಂಡೆಯೋ, ಇಲ್ಲ ಬಾಗಿಲಲ್ಲೇ ನಿಂತು ಹೊರಟುಹೋದೆಯೋ... ಗೊತ್ತಾಗಲಿಲ್ಲ. ನಾನು ಗುಬ್ಬಿಯಿಂದ ತುಮಕೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಕುಣಿಗಲ್ಲಿಗೆ ಬರುವಷ್ಟರಲ್ಲಿ ನಿನ್ನ ಮಗಳು ರೂಪ ಮನೆ ಸಾರಿಸಿ, ನಿನ್ನ ಹಸಿರು ಸೀರೆಯನ್ನು ಮಡಿಸಿ ಮಣೆಯ ಮೇಲೆ ಇಟ್ಟಿದ್ದಳು. ಇಬ್ಬರೂ ಸೇರಿ ಒತ್ತುಶ್ಯಾವಿಗೆ ಒತ್ತಿದೆವು. ಕಾಯಿಹಾಲು, ಹುರುಳಿಕಾಳಿನ ಸಾರು, ಎರಡು ವಡೆ. ಖಾರ ಮುಂದಾಗಿಯೇ ಹಾಕಿದೆ. ಕಡೆಗಾಲದಲ್ಲಿ ಒಂದು ಚಮಚ ಸಾರು ಬಾಯಿಗೆ ತಾಗಿದರೂ ಕಣ್ಣೀರು ಹಾಕುತ್ತಿದ್ದೆಯಲ್ಲ, ಈಗಲಾದರೂ ಖಾರ ತಿನ್ನಲಿ ಅಂತ.

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು ಅಂತ ನೀನೇ ಅಲ್ಲವಾ ಕಲಿಸಿದ್ದು? ಅಪ್ಪನ ಎಡೆಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಡುತ್ತಿದ್ದೆ. ಹಾಗಾಗಿ ನಾನು ದಾರಿಯಲ್ಲೇ ಎಲೆ ಅಡಿಕೆ ಕೊಂಡೆ, ಜೊತೆಗೆ ನೀನು ಹಾಕುತ್ತಿದ್ದ ಹೊಗೆಸೊಪ್ಪು, ಆ ಕಡ್ಡಿಪುಡಿ ಪೊಟ್ಟಣವನ್ನೂ ಕೊಂಡೆ. ಎಲೆಯ ಪಕ್ಕ ಪೊಟ್ಟಣ ಇಟ್ಟಿದ್ದೇ ತಡ, ರೂಪ ಅದನ್ನು ಎತ್ತಿ ಕಿಟಕಿಯಾಚೆ ಎಸೆದಳು.

"ಸತ್ತ ಮೇಲೂ ತಿನ್ನುಸ್ತೀಯಾ ಚಿಕ್ಕಮ್ಮ ಅದನ್ನ?"

"ಇಷ್ಟವಾದದ್ದು ಇಡ್ಬೇಕು ಕಣೇ. ಪದ್ಧತಿ."

"ಅಮ್ಮಂಗೆ ನಾನೂ ಇಷ್ಟ ಇದ್ದೆ. ನನ್ನೂ ಇಡು ಎಲೆ ಮೇಲೆ."

ಎಂಥ ಮಾತು ಆಡಿದಳು ನೋಡು. ಥೇಟ್ ನಿನ್ನ ನಾಲಿಗೆ. ನಾನು ಊದುಬತ್ತಿ ಹಚ್ಚಿದೆ. ಆವತ್ತು ಇನ್ನೂ ಒಂದು ಸಂಗತಿ ನಡೆಯಿತು, ಅದನ್ನು ಮುಂದೆ ಹೇಳುತ್ತೇನೆ. ದಿನಕ್ಕೆ ಎರಡು ಸಾಲು ಬರೆದಿಡುವ ನನ್ನ ಚಾಳಿಯನ್ನು ನೀನು "ಎಸ್ಸೆಲ್ಸಿ ಪಾಸಾಗಿರೋ ಜಂಬ" ಅಂತ ಆಡಿಕೊಳ್ಳುತ್ತಿದ್ದೆ. ಈ ಸಲ ಎರಡು ಸಾಲಿಗೆ ಮುಗಿಯುವುದಿಲ್ಲ. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ.

ನನಗೆ ಮದುವೆ ಆಗುವ ಮುಂಚೆ ನಿನ್ನ ಹಿಂದೆ ಹಿಂದೆಯೇ ಕೋಠಿಗೆ ಬರುತ್ತಿದ್ದ ದಿನಗಳು ನೆನಪಾಗುತ್ತವೆ. ರೇಷ್ಮೆ ಬೆಳೆಯುವವರಿಗೆ ಬಿತ್ತನೆ ಮೊಟ್ಟೆ ತಯಾರು ಮಾಡಿಕೊಡುವ ಕೋಠಿ ಅದು. ಉದ್ದನೆಯ ಹಾಲಿನಲ್ಲಿ ನಾವೆಲ್ಲ ಚಾಪೆ ಹಾಸಿಕೊಂಡು ಸಾಲಾಗಿ ಕೂರುತ್ತಿದ್ದೆವು. ಎದುರಿಗೆ ಗೂಡಿನ ರಾಶಿ, ಕೈಯಲ್ಲಿ ಅರ್ಧ ಬ್ಲೇಡು. ಗೂಡಿನ ತುದಿಯನ್ನು ಕೊಯ್ದು, ಒಳಗಿನ ಹುಳವನ್ನು ಅಂಗೈಗೆ ಸುರಿದುಕೊಂಡು, ಅದರ ಹೊಟ್ಟೆಯ ಕೊನೆಯಲ್ಲಿರುವ ಗುರುತು ನೋಡಿ ಹೆಣ್ಣು ಒಂದು ತಟ್ಟೆಗೆ, ಗಂಡು ಒಂದು ತಟ್ಟೆಗೆ ಹಾಕಬೇಕು. ಚಿಟ್ಟೆಯಾಗಿ ಹೊರಗೆ ಬಂದ ಮೇಲೆ ಬೇರೆ ತಳಿಯ ಜೊತೆ ಸೇರಿಸಬೇಕಲ್ಲ, ಅದಕ್ಕೆ ಮೊದಲೇ ಬೇರೆ ಮಾಡಿಡುವುದು. ನನಗೆ ಗುರುತು ಸಿಗುತ್ತಲೇ ಇರಲಿಲ್ಲ. ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದೆ.

"ಲೇ ಮಂಗ್ಳಿ, ಗಂಡು ಯಾವ್ದು ಹೆಣ್ಣು ಯಾವ್ದು ನೋಡಕ್ಕೆ ಇಷ್ಟೊತ್ತಾ? ನಿನ್ನ ಮದ್ವೆ ಮಾಡ್ಕೊಟ್ರೆ ಗತಿ ಏನೇ?" ಅಂತ ನೀನು ಹಾಲಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಹೆಂಗಸರೆಲ್ಲ ನಗುತ್ತಿದ್ದರು. ಹುಳದ ವಾಸನೆ ತಡೆಯಲಾರದೆ ಎಲ್ಲರ ದವಡೆಯಲ್ಲೂ ಎಲೆ ಅಡಿಕೆ, ಕಡ್ಡಿಪುಡಿ. ನೀನು ಬೆಳಗ್ಗೆ ಬಲಗೆನ್ನೆಯೊಳಗೆ ಒತ್ತರಿಸಿ ಇಟ್ಟುಕೊಂಡರೆ ಊಟದ ಹೊತ್ತಿಗೇ ಉಗಿಯುತ್ತಿದ್ದದ್ದು. ನನಗೂ ಅಲ್ಲೇ ಅಭ್ಯಾಸವಾಯಿತು. ಗುಬ್ಬಿಗೆ ಸೊಸೆಯಾಗಿ ಬಂದ ಮೇಲೂ, ಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹೊಲಿಯುವಾಗಲೂ ಬಿಡಲಿಲ್ಲ.

ಬ್ಲೇಡು ಸ್ವಲ್ಪ ಆಳಕ್ಕೆ ಹೋಗಿ ಹುಳಕ್ಕೆ ತಾಗಿದರೆ ಏನಾಗುತ್ತದೆ ಅಂತ ಮೊದಲ ಸಲ ತೋರಿಸಿದವಳೂ ನೀನೇ. ಸಾಸಿವೆಯಷ್ಟು ಗಾಯ. ಹಳದಿ ನೀರು ಒಸರಿತು. ಮರುದಿನ ನೋಡಿದರೆ ಹುಳ ಕಪ್ಪಾಗಿ ಕೊಳೆತಿತ್ತು. ಅದರ ಅಕ್ಕಪಕ್ಕದವೂ ಕೊಳೆತಿದ್ದವು. "ಒಂದ್ ಗಾಯ ಮಾಡುದ್ರೆ ತಟ್ಟೇನೇ ಹೋಯ್ತದೆ, ಹುಷಾರು" ಅಂದಿದ್ದೆ. ಆ ಮಾತು ನಿನ್ನ ಮೂಳೆಗೆ ಇಳಿದಿತ್ತು ಅಂತ ನನಗೆ ಆಗ ಹೇಗೆ ಗೊತ್ತಾಗಬೇಕು?

ನಾನು ಕುಣಿಗಲ್ಲಿಗೆ ಬಂದಿದ್ದಾಗ ನಿನಗೆ ಕೋಠಿಗೆ ಊಟದ ಡಬ್ಬಿ ತಂದುಕೊಟ್ಟ ಒಂದು ದಿನ ಇದೆಯಲ್ಲ, ಅದನ್ನು ಎಷ್ಟು ಸಲ ನೆನೆದಿದ್ದೇನೋ. ಯಾವುದೋ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಒಂದು ಕಪ್ಪು ಡಬ್ಬ, ಒಂದು ಲ್ಯಾಪ್‌ಟಾಪ್ ತಂದು ಹಾಲಿನ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಡಬ್ಬದ ಮೇಲೆ ಗೂಡು ಇಟ್ಟರೆ ಕೆಳಗಿನಿಂದ ಬೆಳಕು ಬಿಟ್ಟು, ಕೊಯ್ಯದೆಯೇ ಒಳಗಿರುವುದು ಗಂಡೋ ಹೆಣ್ಣೋ ಹೇಳುವ ಪ್ರಯತ್ನವಂತೆ. ನೀವೆಲ್ಲ ಕೆಲಸ ಬಿಟ್ಟು ಅದರ ಸುತ್ತ ಮುತ್ತಿಕೊಂಡಿದ್ದಿರಿ. ಪರದೆಯ ಮೇಲೆ ಗೂಡು ತಿಳಿಹಳದಿಯಾಗಿ ಹೊಳೆಯುತ್ತಿತ್ತು, ನಡುವೆ ಹುಳ ಮಲಗಿದ್ದ ನೆರಳು. ಉಸಿರಾಡಿದ ಹಾಗೆ ಒಮ್ಮೆ ಅಲುಗಿತು.

"ಅಯ್ಯೋ ನೋಡ್ರೇ, ಮಲ್ಗದೆ! ಕುಯ್ಯಕ್ ಮುಂಚೆ ಹಿಂಗಿರ್ತದಾ ಇದು?" ಅಂದೆ ನೀನು. ಅಷ್ಟು ವರ್ಷ ಅಷ್ಟೊಂದು ಗೂಡು ಕೊಯ್ದವಳು, ಹುಳ ತನ್ನ ಮನೆಯೊಳಗೆ ತನ್ನಷ್ಟಕ್ಕೆ ಇರುವುದನ್ನು ಅವತ್ತೇ ಮೊದಲು ನೋಡಿದ್ದು.

ಪಕ್ಕದಲ್ಲಿದ್ದ ಗೌರಮ್ಮ, "ಜಯಕ್ಕ, ನಿನ್ ಕೆಲ್ಸ ಹೋಯ್ತು ಬುಡು" ಅಂತ ಚುಚ್ಚಿದಳು.

"ಹೋದ್ರೆ ಹೋಗ್ಲಿ ಬುಡೇ. ಉಳಿದಿರೋ ಬೆಳ್ಳಾದ್ರೂ ಉಳ್ಕತವೆ" ಅಂತ ನೀನು ಗಾಯದ ಗೀಟುಗಳಿದ್ದ ಹೆಬ್ಬೆರಳನ್ನು ಅವಳ ಮೂಗಿನ ಮುಂದೆ ಆಡಿಸಿದೆ. ನಗುವಾಗ ನಿನ್ನ ಬಾಯಿ ಮೊದಲಿನಷ್ಟು ತೆರೆಯಲಿಲ್ಲ. ನಾನು ಗಮನಿಸಿದೆ. ಕೇಳಿದರೆ, ಹಲ್ಲು ನೋವು ಅಂದೆ.

ಹಲ್ಲು ನೋವಲ್ಲ ಅಂತ ತುಮಕೂರಿನ ಆಸ್ಪತ್ರೆಯಲ್ಲಿ ಗೊತ್ತಾಯಿತು. ಎಷ್ಟು ಬೇಡಿಕೊಂಡ ಮೇಲೆ ಬಂದೆ ನೀನು! ಆ ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ನಿನ್ನ ಬಲಗೆನ್ನೆಯೊಳಗೆ ಬೆಳ್ಳಗೆ ದಪ್ಪಗಟ್ಟಿದ್ದ ಜಾಗ, ಅದರ ನಡುವೆ ಕೆಂಪಗೆ ಹುಣ್ಣು. ಬೆರಳಿನಿಂದ ಒತ್ತಿ ನೋಡಿ ಕೈಗವಸು ಬಿಚ್ಚಿದರು. ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಇವತ್ತೇ ಆಗುತ್ತದೆ, ಇಂಜೆಕ್ಷನ್ ಕೊಡುತ್ತಾರೆ, ನೋವಾಗುವುದಿಲ್ಲ ಅಂದರು. ನೀನು ಕುರ್ಚಿಯಿಂದ ಎದ್ದೇಬಿಟ್ಟೆ.

"ಬ್ಯಾಡ ಬುಡಿ ಸಾರ್. ಬ್ಲೇಡ್ ತಾಕುದ್ರೆ ಹರಡ್ತದೆ."

"ಯಾರಮ್ಮ ಹೇಳಿದ್ದು ನಿಮಗೆ?"

"ಯಾರ್ ಹೇಳ್ಬೇಕು? ದಿನಾ ನೋಡ್ತೀನಿ." ಆಮೇಲೆ ಸ್ವಲ್ಪ ಮೆತ್ತಗಾಗಿ ಕೇಳಿದೆ: "ಕುಯ್ಯದೆ ನೋಡಕ್ಕೆ ಏನೂ ಇಲ್ವಾ ಸಾರ್? ನಮ್ ಕೋಠೀಲಿ ಗೂಡನ್ನೇ ಬೆಳಕು ಬಿಟ್ಟು ನೋಡುದ್ರು. ಹುಳಕ್ಕೆ ಬಂದಿರೋ ಬೆಳಕು ಮನುಷ್ಯರಿಗೆ ಬಂದಿಲ್ವಾ?"

ಅವರಿಗೆ ನೀನು ಏನು ಕೇಳುತ್ತಿದ್ದೀಯ ಅಂತ ಅರ್ಥವಾಗಲಿಲ್ಲ. "ಅಂಥದ್ದು ಇಲ್ಲಿ ಇಲ್ಲಮ್ಮ, ತಡ ಮಾಡಬೇಡಿ" ಅಂದರು. ಹೊರಗೆ ಕಾರಿಡಾರಿನಲ್ಲಿ ನಿನ್ನ ಕೈ ಹಿಡಿದುಕೊಂಡು ನಾನು ಎಷ್ಟು ಹೇಳಿದೆ. ನಿನ್ನದು ಒಂದೇ ಮಾತು.

"ನೀನೇ ಹೇಳು ಮಂಗ್ಳಿ. ಗಾಯ ಆದ್ ಹುಳ ಬದುಕಿದ್ದು ನೋಡಿದೀಯಾ ನೀನು?"

"ಮನುಷ್ಯರೂ ಹುಳಾನೂ ಒಂದೇನಾ ಅಕ್ಕಯ್ಯ?"

"ಚರ್ಮ ಚರ್ಮನೇ ಕಣೇ."

ಅಲ್ಲಿಂದ ಮುಂದಿನ ತಿಂಗಳುಗಳನ್ನು ಬರೆಯಲು ಕೈ ಬರುವುದಿಲ್ಲ. ಗೂಳೂರಿನ ಕಡೆಯವರೊಬ್ಬರು ಕೊಟ್ಟ ಸೊಪ್ಪಿನ ರಸ ಬಾಯಿಗೆ ತುಂಬಿಕೊಂಡು ಕೂರುತ್ತಿದ್ದೆ. ಮುದ್ದೆ ಹೋಗಿ ಗಂಜಿ ಬಂತು. ಗಂಜಿ ಹೋಗಿ ಚಮಚದಲ್ಲಿ ಹಾಲು ಬಂತು. ಬಾಯಿ ಎರಡು ಬೆರಳಿನಷ್ಟು ತೆರೆಯುತ್ತಿದ್ದದ್ದು ಒಂದು ಬೆರಳಾಯಿತು, ಆಮೇಲೆ... ಕತ್ತಿನಲ್ಲಿ ಗಂಟು ಎದ್ದ ಮೇಲೆ ರೂಪ ನಿನ್ನನ್ನು ಕೇಳದೆಯೇ ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಬಂದಳು. ಆಗ ಯಾರೂ ತುಂಡು ತೆಗೆಯುವ ಮಾತನ್ನು ಒತ್ತಾಯ ಮಾಡಿ ಆಡಲಿಲ್ಲ. ನೋವಿಗೆ ಔಷಧಿ ಬರೆದುಕೊಟ್ಟರು. ನಿನ್ನ ಕೆನ್ನೆಗೆ ಯಾರೂ ಬ್ಲೇಡು ಸೋಕಿಸಲಿಲ್ಲ ಅಕ್ಕಯ್ಯ. ಆದರೂ ಹರಡಿತು. ಇದನ್ನು ನೀನು ಯೋಚನೆ ಮಾಡಿದೆಯಾ? ಮಾತು ನಿಂತ ಮೇಲೆ ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದೆಯಲ್ಲ, ಆಗ ಏನನ್ನು ಯೋಚಿಸುತ್ತಿದ್ದೆ? ಕಾರ್ತಿಕದಲ್ಲಿ ಹೊರಟೇ ಹೋದೆ.

ನೀನು ಹೋದ ಮೇಲಿನ ಶ್ರಾವಣದಲ್ಲಿ ನಮ್ಮ ಗುಬ್ಬಿಯ ಸಮುದಾಯ ಭವನದಲ್ಲಿ ಬಾಯಿ ತಪಾಸಣೆಯ ಶಿಬಿರ ಇಟ್ಟಿದ್ದರು. ನಮ್ಮ ಸ್ತ್ರೀಶಕ್ತಿ ಸಂಘದವರೆಲ್ಲ ಬರಲೇಬೇಕು ಅಂತ ಕರೆದಿದ್ದರಿಂದ ಹೋದೆ. ಹಲ್ಲಿನ ಡಾಕ್ಟರು, ರೂಪನಿಗಿಂತ ಸ್ವಲ್ಪ ದೊಡ್ಡವಳಿರಬೇಕು, ಎಲ್ಲರ ಬಾಯಿ ನೋಡುತ್ತಿದ್ದಳು. ನನ್ನ ಸರದಿ ಬಂತು.

"ದೊಡ್ಡದಾಗಿ ತೆಗೀರಿ ಆಂಟಿ. ಇನ್ನೂ..."

"ಇಷ್ಟೇ ಕಣವ್ವ ಬರೋದು."

ಸಾಲಿನಲ್ಲಿ ಹಿಂದೆ ನಿಂತಿದ್ದವಳೊಬ್ಬಳು, "ಗಂಡನ್ ಮೇಲೆ ಕೂಗಾಡ್ವಾಗ ಎಷ್ಟ್ ತೆಗೀತೀಯೋ ಅಷ್ಟ್ ತೆಗ್ಯೇ ಮಂಗಳಮ್ಮ!" ಅಂದಳು. ಎಲ್ಲರೂ ನಕ್ಕರು. ಡಾಕ್ಟರ್ ಹುಡುಗಿಯೂ ನಕ್ಕಳು. ನನ್ನ ಎಡಗೆನ್ನೆಯೊಳಗೆ ಕನ್ನಡಿ ಹಾಕಿ ನೋಡಿದವಳು ನಗು ನಿಲ್ಲಿಸಿ, ಪಕ್ಕದ ರೂಮಿಗೆ ಬನ್ನಿ, ಒಂದು ಮಿಷನ್ನಿನಲ್ಲಿ ನೋಡೋಣ ಅಂದಳು.

ಆ ರೂಮಿನ ಮೇಜಿನ ಮೇಲೆ ಒಂದು ಪೆಟ್ಟಿಗೆ, ಕಂಪ್ಯೂಟರು, ಪೆಟ್ಟಿಗೆಯಿಂದ ಬಂದ ಉದ್ದನೆಯ ವೈರಿನ ತುದಿಯಲ್ಲಿ ದಪ್ಪ ಪೆನ್ನಿನಂಥದ್ದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಕುಯ್ತೀರಾ?"

"ಇಲ್ಲ ಆಂಟಿ. ಬರೀ ಬೆಳಕು ಇದು. ಕೆನ್ನೆಗೆ ತಾಗಿಸಿ ಹಿಡೀತೀನಿ, ಅಷ್ಟೇ."

ಬರೀ ಬೆಳಕು. ನಾನು ಕುಳಿತೆ. ಪೆನ್ನಿನ ತುದಿ ತಣ್ಣಗೆ ಕೆನ್ನೆಯ ಒಳಗೆ ತಾಗಿತು. ಮೊದಲು ಚೆನ್ನಾಗಿದ್ದ ಬಲಗಡೆ ಇಟ್ಟು ತೋರಿಸಿದಳು. ಪರದೆಯ ಮೇಲೆ ನನ್ನ ಕೆನ್ನೆ ಕಂಡಿತು ಅಕ್ಕಯ್ಯ, ಮೇಲಿನಿಂದ ಕಂಡ ಹಾಗಲ್ಲ, ಪಕ್ಕದಿಂದ ಸೀಳಿ ನೋಡಿದ ಹಾಗೆ. ಬಾವಿ ತೋಡುವಾಗ ಗೋಡೆಯಲ್ಲಿ ಮಣ್ಣಿನ ಪಟ್ಟೆ ಕಾಣುತ್ತದಲ್ಲ, ಹಾಗೆ ಮೇಲೊಂದು ಮಾಸಲು ಪಟ್ಟೆ, ಅದರ ಕೆಳಗೆ ಹೊಳೆಯುವ ಪಟ್ಟೆ, ನಡುವೆ ಒಂದು ಗೆರೆ. ಒಂದು ತೊಟ್ಟು ರಕ್ತವಿಲ್ಲ. ಹೇಗೆ ಕಾಣುತ್ತದೆ ಅಂತ ಕೇಳಿದೆ. ಪಾಪ, ಆ ಹುಡುಗಿ ಕೆಲಸ ನಿಲ್ಲಿಸಿ ಹೇಳಿದಳು.

"ಬಾವಿಯೊಳಗೆ ಕೂಗಿದ್ರೆ ಆ ಕೂಗು ವಾಪಸ್ ಬರೋದ್ರಲ್ಲಿ ನೀರು ಎಷ್ಟು ಕೆಳಗಿದೆ ಅಂತ ಅಂದಾಜು ಸಿಗುತ್ತಲ್ಲ ಆಂಟಿ, ಹಂಗೆ. ಬೆಳಕು ಒಳಗೆ ಹೋಗಿ ಒಂದೊಂದು ಪದರಕ್ಕೂ ತಾಗಿ ವಾಪಸ್ ಬರುತ್ತೆ. ಎಲ್ಲೆಲ್ಲಿಂದ ಬಂತು ಅಂತ ಮಿಷನ್ನು ಲೆಕ್ಕ ಹಾಕಿ ಚಿತ್ರ ಮಾಡುತ್ತೆ."

"ಎಷ್ಟು ಒಳಕ್ಕೆ ಹೋಯ್ತದೆ?"

"ಜಾಸ್ತಿ ಇಲ್ಲ, ಒಂದೆರಡು ಉಗುರಿನ ದಪ್ಪ. ಅಷ್ಟು ಸಾಕು. ಈ ಕಾಯಿಲೆ ಶುರುವಾಗೋದೇ ಅಲ್ಲಿ."

ಅಷ್ಟು ಹೊತ್ತಿಗೆ ನನ್ನ ಕಣ್ಣಿಂದ ನೀರು ಇಳಿದು ಅವಳ ಕೈಗವಸಿನ ಮೇಲೆ ಬಿತ್ತು. ನೋವಾಯಿತಾ ಅಂತ ಗಾಬರಿಯಾಗಿ ಪೆನ್ನು ಪಕ್ಕಕ್ಕಿಟ್ಟಳು. ಇಲ್ಲವ್ವ, ನಮ್ಮ ಅಕ್ಕ ಇದನ್ನು ಕೇಳಿದ್ದಳು ಅಂದೆ. ಯಾವ ಅಕ್ಕ, ಯಾವಾಗ ಕೇಳಿದ್ದು, ಯಾರನ್ನು ಕೇಳಿದ್ದು, ಏನನ್ನೂ ಹೇಳಲಾಗಲಿಲ್ಲ. ಇದು ಯಾವಾಗಿನಿಂದ ಇದೆ ಅಂತ ಮಾತ್ರ ಕೇಳಿದೆ. ದೊಡ್ಡ ಊರುಗಳಲ್ಲಿ ಮೊದಲಿನಿಂದಲೂ ಇತ್ತು, ನಮ್ಮ ಕಡೆ ಬಂದದ್ದು ಈಗ ಅಂದಳು. ಮೊದಲಿನಿಂದಲೂ ಇತ್ತಂತೆ ಅಕ್ಕಯ್ಯ. ನೀನು ಕೇಳಿದಾಗಲೂ ಎಲ್ಲೋ ಒಂದು ಕಡೆ ಇದ್ದಿರಬೇಕು. ನಾವು ಕೂತಿದ್ದ ಆ ಕೋಣೆಯಲ್ಲಿ ಇರಲಿಲ್ಲ, ಅಷ್ಟೇ.

ಆಮೇಲೆ ಎಡಗಡೆ ಇಟ್ಟಳು. ಪಟ್ಟೆಗಳು ಬಂದವು. ಒಂದು ಜಾಗಕ್ಕೆ ಬಂದಾಗ ನಡುವಿನ ಗೆರೆ ಮಸುಕಾಯಿತು, ಒದ್ದೆ ಕೈಯಲ್ಲಿ ರಂಗೋಲಿ ಒರೆಸಿದ ಹಾಗೆ. ಅವಳು ಪೆನ್ನನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ ಅಲ್ಲೇ ಮತ್ತೆ ಮತ್ತೆ ನೋಡಿದಳು.

"ಇಲ್ಲಿ ಸ್ವಲ್ಪ ಅನುಮಾನ ಇದೆ ಆಂಟಿ. ತುಮಕೂರಿಗೆ ಬನ್ನಿ. ಇದೇ ಜಾಗದಿಂದ ಒಂದು ಸಣ್ಣ ತುಂಡು ತೆಗೆದು ನೋಡೋಣ."

"ಬೆಳಕಲ್ಲಿ ನೋಡಾಯ್ತಲ್ಲ! ಇನ್ಯಾಕೆ ತುಂಡು?"

"ಎಲ್ಲಿ ಅಂತ ಬೆಳಕು ತೋರಿಸುತ್ತೆ. ಅದು ಏನು ಅಂತ ಗಟ್ಟಿಯಾಗಿ ಹೇಳೋಕೆ ತುಂಡೇ ಬೇಕು. ಮೊದಲಾದ್ರೆ ಎಲ್ಲಿಂದ ತೆಗೀಬೇಕು ಅಂತ ನಾವೂ ಕಣ್ಣಂದಾಜಲ್ಲಿ ತೆಗೀತಿದ್ವಿ. ಈಗ ಸರಿಯಾದ ಜಾಗ ಗೊತ್ತಾಯ್ತು."

ನನಗೆ ಎಂಥ ಸಿಟ್ಟು ಬಂತು ಅಂತೀಯ. ನನ್ನ ಬಾಯಿಯಲ್ಲಿ ಏನಿದೆಯೋ ಅನ್ನುವ ಭಯಕ್ಕಿಂತ ಆ ಸಿಟ್ಟೇ ದೊಡ್ಡದಾಗಿತ್ತು. ನೀನು ಕೇಳಿದ ಬೆಳಕು ಕಡೆಗೂ ಬಂತು, ಬಂದು ಅದೂ ಬ್ಲೇಡಿನ ಕಡೆಗೇ ಬೆರಳು ತೋರಿಸಿತು! ಆ ಬೆಳಕು ನಿನ್ನ ಕಾಲಕ್ಕೇ ಸಿಕ್ಕಿದ್ದರೂ ನೀನು ಕುರ್ಚಿಯಿಂದ ಎದ್ದೇ ಹೋಗುತ್ತಿದ್ದೆಯಾ? ಅಥವಾ ಪರದೆಯ ಮೇಲೆ ನಿನ್ನ ಕೆನ್ನೆಯನ್ನು ನೀನೇ ನೋಡಿ, ಗೂಡಿನೊಳಗಿನ ಹುಳ ನೋಡಿದಾಗ ಅಂದ ಹಾಗೆ "ಅಯ್ಯೋ, ಹಿಂಗಿರ್ತದಾ" ಅಂದು... ಒಂದು ಚೂರು ತಗೊಳ್ಳಿ ಅನ್ನುತ್ತಿದ್ದೆಯಾ? ಯಾರನ್ನು ಕೇಳಲಿ?

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಕಡ್ಡಿಪುಡಿ ಮಾತ್ರ ಅವತ್ತೇ ಬಿಟ್ಟೆ. ಬಾಯಿ ಬಿಕೋ ಅನ್ನುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗಲೆಲ್ಲ ನಾಲಿಗೆ ಎಡಗೆನ್ನೆಯ ಆ ಜಾಗವನ್ನು ಸವರಿ ಬರುತ್ತಿತ್ತು. ತುಮಕೂರಿಗೆ ಹೋಗುವುದೇ ಇಲ್ಲ ಅಂತಲೂ ಅನ್ನಿಸುತ್ತಿತ್ತು, ನಾಳೆಯೇ ಹೋಗಬೇಕು ಅಂತಲೂ ಅನ್ನಿಸುತ್ತಿತ್ತು. ನಾಳೆ ಹೋಗೋಣ ಅಂದುಕೊಂಡ ಕೂಡಲೇ ಕಪ್ಪಾಗಿ ಕೊಳೆತ ಹುಳಗಳ ಆ ತಟ್ಟೆ ಕಣ್ಣ ಮುಂದೆ ಬರುತ್ತಿತ್ತು. ನಿನ್ನ ಭಯ ನನಗೆ ಆಗ ಅರ್ಥವಾಯಿತು. ಬುದ್ಧಿ ಏನೇ ಹೇಳಲಿ, ಕಣ್ಣು ತಾನು ನೋಡಿದ್ದನ್ನೇ ನಂಬುತ್ತದೆ.

ಎಡೆಯ ದಿನ ನಡೆಯಿತು ಅಂದೆನಲ್ಲ, ಇದೇ ಅದು. ನಿನಗೆ ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂತು, ಆಮೇಲೆ ನಾನೂ ರೂಪನೂ ಉಣ್ಣಲು ಕುಳಿತೆವು. ನಿನಗೋಸ್ಕರ ಮಾಡಿದ ಖಾರದ ಸಾರು. ಮೊದಲ ತುತ್ತಿಗೇ ನನ್ನ ಮುಖ ಕಿವುಚಿತು. ರೂಪ ಕೈಯಲ್ಲಿದ್ದ ಅನ್ನ ಬಿಟ್ಟು ನನ್ನನ್ನೇ ನೋಡಿದಳು. ಆ ಮುಖ ಅವಳು ಮರೆತಿಲ್ಲ, ನಿನ್ನ ಮುಖದಲ್ಲಿ ನೋಡಿದ್ದಳಲ್ಲ.

"ಬಾಯ್ ತೆಗಿ ಚಿಕ್ಕಮ್ಮ."

"ಉಣ್ಣೇ ಸುಮ್ನೆ."

"ಬಾಯ್ ತೆಗಿ ಅಂದೆ."

ಎಂಜಲು ಕೈಯಲ್ಲೇ ನನ್ನ ಗದ್ದ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲಿನ ಟಾರ್ಚು ಬಿಟ್ಟು ನೋಡಿದಳು. ನೋಡಿ ಅಲ್ಲೇ ಗೋಡೆಗೆ ಒರಗಿದಳು. ಶಿಬಿರದ ವಿಷಯ ಹೇಳಿದೆ. ತುಂಡು ತೆಗೆಯಬೇಕಂತೆ ಅಂತಲೂ ಹೇಳಿದೆ. ಅವಳು ಅಳಲಿಲ್ಲ, ಬೈದಳು. ತುಮಕೂರಿನ ಶಿರಾ ಗೇಟಿನ ಬಟ್ಟೆ ಅಂಗಡಿಯಲ್ಲಿ ದಿನವೂ ಗಿರಾಕಿಗಳ ಜೊತೆ ಕೂಗಾಡಿ ಕೂಗಾಡಿ ಅವಳ ಗಂಟಲು ಈಗ ಗಡಸಾಗಿದೆ.

"ಅಮ್ಮಂಗೆ ಗೊತ್ತಿರ್ಲಿಲ್ಲ, ಹೋದ್ಲು. ನಿಂಗೆಲ್ಲಾ ಗೊತ್ತಿದ್ದೂ ಹಿಂಗ್ ಕೂತಿದೀಯಲ್ಲ? ನೀನೂ ಹೋಗು. ಹೋಗಿ ಇಬ್ರೂ ಅಲ್ಲೇ ಕೂತ್ಕೊಂಡು ಎಲೆ ಅಡಿಕೆ ಹಾಕ್ಕೊಳ್ಳಿ. ನಂಗಿನ್ನು ಬೈಯೋರ್ಯಾರು, ತಲೆ ಬಾಚೋರ್ಯಾರು? ನಾನ್ ಯಾರ್ ಮನೇಗ್ ಹೋಗ್ಲಿ ಹಬ್ಬಕ್ಕೆ?"

ಮಾರನೇ ವಾರ ಅಂಗಡಿಗೆ ರಜೆ ಹಾಕಿ, ಕ್ಯಾತ್ಸಂದ್ರದ ತನ್ನ ರೂಮಿನಿಂದ ಬೆಳಗ್ಗೆಯೇ ಬಂದು ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದಳು. ನಾನು ಗುಬ್ಬಿ ಬಸ್ಸಿನಿಂದ ಇಳಿದವಳೇ ಅವಳ ಮುಖ ನೋಡಿದೆ. ವಾಪಸು ಹತ್ತುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರ್ ಹುಡುಗಿ. ಮೊದಲು ಮತ್ತೆ ಆ ಬೆಳಕಿನ ಪೆನ್ನು ಇಟ್ಟು, ಗೆರೆ ಎಲ್ಲಿ ತೀರಾ ಮಸುಕಾಗಿದೆ ಅಂತ ಹುಡುಕಿ, ಅಲ್ಲಿ ನೀಲಿ ಬಣ್ಣದ ಚುಕ್ಕಿ ಇಟ್ಟಳು. ಆಮೇಲೆ ಇಂಜೆಕ್ಷನ್. ಕೆನ್ನೆ ಮರಗಟ್ಟಿತು. ರೂಪ ನನ್ನ ಪಾದ ಹಿಡಿದುಕೊಂಡು ನಿಂತಿದ್ದಳು, ಎಲ್ಲಿ ಎದ್ದು ಓಡುತ್ತೇನೋ ಅನ್ನುವ ಹಾಗೆ. ಕಣ್ಣು ಮುಚ್ಚಿದೆ. ಬಾಯಿಯೊಳಗೆ ಏನೋ ಎಳೆದ ಹಾಗಾಯಿತು. ನಾನು ಒಳಗೊಳಗೇ ನಿನ್ನನ್ನು ಕರೆಯುತ್ತಿದ್ದೆ, ಕ್ಷಮಿಸು ಅಂತ ಕರೆದೆನೋ, ಕಾಪಾಡು ಅಂತ ಕರೆದೆನೋ ಈಗ ಹೇಳಲಾರೆ. "ಆಯ್ತು ಆಂಟಿ" ಅಂದಳು. ಒಂದು ಹೊಲಿಗೆ. ಹತ್ತಿ ಕಚ್ಚಿಕೊಂಡು ಕೂರಿ ಅಂದಳು.

ಆಯಿತು ಅಂದರೆ... ಅಷ್ಟೇನಾ? ಇಷ್ಟು ಬೇಗ ಮುಗಿಯಿತಾ?

ಆಮೇಲಿನ ದಿನಗಳ ಬಗ್ಗೆ ನಿನಗೆ ಒಂದು ಮಾತು ಹೇಳಬೇಕು. ಬೇರೆ ಯಾರಿಗೂ ಹೇಳುವ ಮಾತಲ್ಲ ಅದು. ಮೊಸರನ್ನ ಉಂಡುಕೊಂಡು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿಕೊಂಡು, ಬೆಳಗ್ಗೆ ಎದ್ದ ಕೂಡಲೇ ಕನ್ನಡಿ ಹಿಡಿದು ಕೆನ್ನೆ ನೋಡಿಕೊಳ್ಳುತ್ತಿದ್ದೆ. ಹಳದಿ ನೀರು ಒಸರುತ್ತದೆಯಾ, ಸುತ್ತ ಕಪ್ಪಾಗುತ್ತಿದೆಯಾ ಅಂತ. ಹಾಗೆ ನೋಡುವಾಗ ನನ್ನ ಮನಸ್ಸು ಏನನ್ನು ಬೇಡುತ್ತಿತ್ತು ಗೊತ್ತಾ? ಆಗಲಿ ಅಂತ ಬೇಡುತ್ತಿತ್ತು. ಗಾಯ ಕೊಳೆಯಲಿ, ಹರಡಲಿ, ನೀನು ಹೇಳಿದ್ದೇ ಸರಿ ಅಂತಾಗಲಿ. ಆಗ ನೀನು ಸುಮ್ಮನೆ ಸಾಯಲಿಲ್ಲ ಅಂತಾಗುತ್ತಿತ್ತಲ್ಲ. ಕೊಯ್ದಿದ್ದರೂ ಹೋಗುತ್ತಿದ್ದಳು, ಕೊಯ್ಯದಿದ್ದರೂ ಹೋದಳು, ಹಣೆಬರಹ ಅಂತ ನಾನೂ ರೂಪನೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ನನ್ನ ಬಾಯಿಯೇ ಹಾಳಾಗಲಿ ಅಂತ ಬೇಡುವಷ್ಟು ನಿನ್ನ ಮೇಲೆ ಪ್ರೀತಿ ಇತ್ತಾ, ಇಲ್ಲ ನನಗೆ ಬುದ್ಧಿಯೇ ಕೆಟ್ಟಿತ್ತಾ?

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ. ಆ ದಾರಿ ಹಿಡಿಯಲು ಶುರುಮಾಡಿದ್ದ ಜಾಗ, ಬೇಗ ಸಿಕ್ಕಿತು, ತುಂಡಿನ ಜೊತೆಗೇ ಪೂರ್ತಿ ಬಂದಿದೆ ಅಂದರು. ಕಡ್ಡಿಪುಡಿ, ಅಡಿಕೆ ಮತ್ತೆ ಮುಟ್ಟಬಾರದು. ಆಗಾಗ ಬಂದು ಬೆಳಕಿನ ಪೆನ್ನಿನಲ್ಲಿ ನೋಡಿಸಿಕೊಳ್ಳಬೇಕು, ಗೆರೆ ಮತ್ತೆ ಮಸುಕಾದರೆ ಗೊತ್ತಾಗುತ್ತದೆ, ಸುಮ್ಮಸುಮ್ಮನೆ ಪ್ರತಿ ಸಲ ತುಂಡು ತೆಗೆಯಬೇಕಿಲ್ಲ. ರೂಪ ಅಲ್ಲೇ ಡಾಕ್ಟರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ನಿನ್ನೆ ಮತ್ತೆ ತೋರಿಸಲು ಹೋಗಿದ್ದೆವು. ಡಾಕ್ಟರ್ ಹುಡುಗಿ ಕನ್ನಡಿ ಹಾಕಿ ಎಡಗೆನ್ನೆ ನೋಡಿದಳು. ಸ್ವಲ್ಪ ಹೊತ್ತು ನೋಡಿ ಬಲಗೆನ್ನೆ ನೋಡಿದಳು. ಮೇಜಿನ ಮೇಲಿದ್ದ ಫೈಲು ತೆಗೆದು ಓದಿದಳು.

"ಎಡಗಡೇನೇ ಅಲ್ವಾ ಆಂಟಿ ತೆಗೆದಿದ್ದು?"

ರೂಪ ಮುಂದಕ್ಕೆ ಬಂದಳು. "ಸರ್ಯಾಗಿ ನೋಡಿ ಮೇಡಂ. ಕುಯ್ದಿದ್ ಜಾಗ ಇರ್ಬೇಕಲ್ಲ?"

"ಇದ್ದಿದ್ರೆ ಕಾಣಿಸ್ತಿತ್ತಲ್ಲಮ್ಮ. ಪೂರ್ತಿ ಮಾಯ್ದಿದೆ."

ರೂಪ ಎದ್ದು ಹೊರಗೆ ಹೋದಳು. ನಾನು ಚೀಟಿ ತೆಗೆದುಕೊಂಡು ಬಂದು ಹುಡುಕಿದರೆ, ಮೆಟ್ಟಿಲ ಪಕ್ಕದಲ್ಲಿ ಕೂತಿದ್ದಳು. ರಿಪೋರ್ಟು ಬರುವವರೆಗೂ ನನ್ನನ್ನು ಬೈದು ಬೈದು ನಡೆಸಿದ ಹುಡುಗಿ, ನೀನು ಹೋದಾಗಲೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ನಿಂತ ಹುಡುಗಿ, ಸೆರಗಿಲ್ಲದ ಚೂಡಿದಾರದಲ್ಲಿ ಮುಖ ಮುಚ್ಚಿಕೊಳ್ಳಲು ಏನೂ ಸಿಗದೆ ನನ್ನ ಸೆರಗನ್ನೇ ಎಳೆದುಕೊಂಡಳು.

"ಇಷ್ಟೇನಾ ಚಿಕ್ಕಮ್ಮ?" ಅಂದಳು. "ಇಷ್ಟಕ್ಕೇನಾ ಅಮ್ಮ ಹೋಗಿದ್ದು?"

ನಾನು ಅವಳ ತಲೆ ಸವರಿದೆ. ನಿನಗೆ ಈ ಸುದ್ದಿ ಹೇಳುವುದೇ ಬೇಡ ಅಂದುಕೊಂಡಿದ್ದೆ. ಆದರೆ ಇದನ್ನು ನಿನ್ನ ಬಿಟ್ಟು ಬೇರೆ ಯಾರಿಗೆ ಹೇಳಲಿ ಅಕ್ಕಯ್ಯ?

ಗಾಯ ಮಾಯಿತು. ಗುರುತೂ ಉಳಿಯಲಿಲ್ಲ.

ನಿನ್ನ
ಮಂಗ್ಳಿ